ಹಿಮನದಿಯ ದಡದ ಬಾನುಲಿ

ವಿದ್ಯಾರ್ಥಿಗಳೇ, ಭೂಪಟವನ್ನು ತೆರೆದು ಉತ್ತರ ಅಮೆರಿಕ ಖಂಡದ ವಾಯವ್ಯ ಮೂಲೆಯನ್ನು ನೋಡಿರಿ. ಅಲಾಸ್ಕಾ ಎಂಬ ಆ ನಾಡನ್ನು ಅಮೆರಿಕ ಸಂಯುಕ್ತ ಸಂಸ್ಥಾನವು ೧೮೬೭ರಲ್ಲಿ ರಷ್ಯಾದಿಂದ ಕ್ರಯಕ್ಕೆ ಕೊಂಡಿತು. ೧೯೫೯ರಲ್ಲಿ ಅದಕ್ಕೆ ರಾಜ್ಯದ ಪದವಿ ದೊರೆಯಿತು. ಅದರ ಪಶ್ಚಿಮ ಭಾಗದಲ್ಲಿ, ಕಸ್ಕೊಕ್ವಿಮ್ ನದಿಯ ದಡದಲ್ಲಿ, ಬೆಥೆಲ್ ಎಂಬ ಊರುಂಟು. ೨೦೨೦ರ ಜನಗಣತಿಯಂತೆ ಅಲ್ಲಿಯ ನಿವಾಸಿಗಳು ಸುಮಾರು ೬,೩೦೦. ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ. ಬೇಸಗೆಯಲ್ಲಿ ದೋಣಿ, ಉಳಿದಂತೆ ವಿಮಾನ; ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ಹೆದ್ದಾರಿ. ನದಿಯ ಮೇಲೆ ಮೋಟಾರು ಓಡುವುದೆಂದರೆ ನೀವು ನಕ್ಕೀರಿ. ಆದರೂ ಅದು ನಿಜ.

ಇಂತಹ ಊರಿನಲ್ಲಿ ೧೯೭೧ರಲ್ಲಿ ಒಂದು ಬಾನುಲಿ ನಿಲಯವು ಪ್ರಾರಂಭವಾಯಿತು. ಅದರ ಹೆಸರು ಕೆ.ವೈ.ಯು.ಕೆ. ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ೧೯೩೫ರಲ್ಲಿ ಆರಂಭಿಸಿದ ನಿಲಯಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರಿನ ಸೊಗಸು ಈ ನಾಲ್ಕಕ್ಷರಗಳಿಗಿಲ್ಲ!

ಇದರ ಪ್ರಸಾರವು ಮಧ್ಯಮ ತರಂಗದಲ್ಲಿ, ೬೪೦ ಕಿಲೋಹರ್ಟ್ಸ್‌ನಲ್ಲಿ. ಮೇಲಿನ ತರಗತಿಯವರು ಲೆಕ್ಕ ಮಾಡಲಿ: ತರಂಗದ ವೇಗ ಸೆಕೆಂಡಿಗೆ ಸುಮಾರು ೩,೦೦,೦೦೦ ಕಿಲೋಮೀಟರು. ಇದನ್ನು ೬,೪೦,೦೦೦ದಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು ೪೬೯ ಮೀಟರು ಬರುವುದು. ಇಷ್ಟು ನೀಳವಾದ ಅಲೆಯು ನೆಲದ ಬಾಗನ್ನು ಅನುಸರಿಸಿ ಸಾಗಬಲ್ಲುದು. ಒಣ ಕಲ್ಲುನೆಲಕ್ಕಿಂತ ತೇವದ ನೆಲದ ಮೇಲೆ ಇನ್ನೂ ದೂರ. ಆ ಪ್ರದೇಶವೋ ಎರಡು ಮಹಾನದಿಗಳ ಮುಖಜಭೂಮಿ. ಕೆರೆ, ಜೌಗುಗಳ ಸಪಾಟು ಬಯಲು. ಎಫ್.ಎಂ. ಅಲೆಗಳಾದರೆ ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟೇ ದೂರ ಹೋಗಿ ನಿಲ್ಲುವುವು. ದೂರದೂರ ಚದುರಿದ ಐವತ್ತಕ್ಕೂ ಮಿಕ್ಕಿದ ಹಳ್ಳಿಗಳಿಗೆ ಮಧ್ಯಮ ತರಂಗವೇ ಯೋಗ್ಯವೆಂಬುದು ಇದರಿಂದ ಸ್ಪಷ್ಟ.

ಆ ಹಳ್ಳಿಗಳವರು ಬಹುಪಾಲು ಯೂಪಿಕ್ ಜನರು. ಮೀನುಗಾರಿಕೆ, ಬೇಟೆ ಅವರ ಜೀವನಾಧಾರ. ನದಿಯ ಮಂಜುಗಡ್ಡೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ನೀರು ಬಾಯ್ದೆರೆದಿದೆ ಎಂಬುದು ಅವರಿಗೆ ಪ್ರಾಣದ ಪ್ರಶ್ನೆ. ಅದನ್ನು ಬಾನುಲಿಯು ತಿಳಿಸುತ್ತದೆ. ವಾರ್ತೆಗಳು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಅವರ ಮನೆಮಾತಿನಲ್ಲಿಯೂ ಬರುತ್ತವೆ. ಹಿಂದೆ ಅಲಾಸ್ಕಾದ ಅನೇಕ ಶಾಲೆಗಳಲ್ಲಿ ಮನೆಮಾತನ್ನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಅಂತಹ ಮಕ್ಕಳು ಮುದುಕರಾದ ಮೇಲೆ ಅದೇ ಮಾತಿನಲ್ಲಿ ದೇಶದ ವಾರ್ತೆಯನ್ನು ಕೇಳುವುದೆಂದರೆ ಏನೆಂಬುದನ್ನು, ಗಡಿಯಾಚೆ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ಪೋಷಕರಿಗೆ ನಾನು ವಿವರಿಸಬೇಕಾಗಿಲ್ಲ.

ನಿಲಯದ ವೆಚ್ಚದ ಬಹುಭಾಗವು ಒಕ್ಕೂಟ ಸರಕಾರದ ಸಹಾಯಧನದಿಂದ ನಡೆಯುತ್ತಿತ್ತು. ೨೦೨೫ರ ಜುಲೈ ತಿಂಗಳಲ್ಲಿ ಅಮೆರಿಕದ ಕಾಂಗ್ರೆಸ್ಸು ಸಾರ್ವಜನಿಕ ಪ್ರಸಾರಕ್ಕೆಂದು ಮುಂದಿನ ಎರಡು ವರ್ಷಗಳಿಗೆ ಮಂಜೂರಾಗಿದ್ದ ಸುಮಾರು ೧೧೦ ಕೋಟಿ ಡಾಲರುಗಳನ್ನು ರದ್ದುಗೊಳಿಸಿತು. ದೊಡ್ಡ ನಗರದ ನಿಲಯಕ್ಕೆ ಸಿರಿವಂತ ಶ್ರೋತೃಗಳಾದರೂ ಇರುತ್ತಾರೆ, ಬೆಥೆಲಿಗೆ ಯಾರಿದ್ದಾರೆ?

ಮೂರು ತಿಂಗಳೂ ತುಂಬಿರಲಿಲ್ಲ. ಅಕ್ಟೋಬರ್ ೧೨ರಂದು ಹಲೋಂಗ್ ಎಂಬ ಚಂಡಮಾರುತದ ಶೇಷಭಾಗವು ಆ ತೀರಕ್ಕೆ ಅಪ್ಪಳಿಸಿತು. ಕಿಪ್‌ನುಕ್, ಕ್ವಿಗಿಲ್ಲಿಂಗಾಕ್ ಎಂಬ ಹಳ್ಳಿಗಳಲ್ಲಿ ಮನೆಗಳು ಬುನಾದಿಯಿಂದ ಕಿತ್ತು ತೇಲಿಹೋದುವು. ಕೆಲವು ಮನೆಗಳಲ್ಲಿ ಜನರು ಒಳಗೇ ಇದ್ದರು. ಸಾವಿರಕ್ಕೂ ಹೆಚ್ಚು ಮಂದಿ ನಿರಾಶ್ರಿತರಾದರು. ಅವರಲ್ಲಿ ಅನೇಕರನ್ನು ವಿಮಾನಗಳಲ್ಲಿ ಬೆಥೆಲಿಗೂ, ಅಲ್ಲಿಂದ ೬೪೦ ಕಿಲೋಮೀಟರು ದೂರದ ಆಂಕರೇಜ್ ನಗರಕ್ಕೂ ಸಾಗಿಸಲಾಯಿತು. ಸಹಾಯಧನ ಕಳೆದುಕೊಂಡಿದ್ದ ಆ ಪುಟ್ಟ ನಿಲಯವೇ ಈ ವಾರ್ತೆಯನ್ನು ಹಳ್ಳಿಹಳ್ಳಿಗೂ ಮುಟ್ಟಿಸಬೇಕಾಯಿತು.