ಮೀನಿನ ತೊಟ್ಟಿಗೆ ಮೈಲುತುತ್ತ ಹಾಕಬೇಡಿ

ಗಿಡ ನೆಟ್ಟ ಅಕ್ವೇರಿಯಂನಲ್ಲಿ ಪಾಚಿ ಕಂಡ ಕೂಡಲೇ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಲವರ ಕೈ ಹೋಗುವುದು ಅಡಿಕೆಗೆ ಕೊಳೆ ಔಷಧಿ ಹೊಡೆಯಲು ತಂದಿಟ್ಟ ಮೈಲುತುತ್ತಕ್ಕೆ. ಗಿಡ ಸೊರಗಿತೆಂದರೆ ಯೂರಿಯಾ ಚೀಲಕ್ಕೆ. ಎರಡೂ ತಪ್ಪು. ಪಾಚಿ ಹಬ್ಬಿದೆ ಎಂದರೆ ಬಹುಪಾಲು ಅಲ್ಲಿ ಗಿಡ ಬೆಳೆಯುತ್ತಿಲ್ಲ ಎಂದೇ ಅರ್ಥ. ಗಿಡ ಚೇತರಿಸಿಕೊಂಡರೆ ಪಾಚಿ ಹಿಂದೆ ಸರಿಯುತ್ತದೆ.

ಮೊದಲು ನೀರಿನ ಲೆಕ್ಕ ಹಾಕಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಮರಳು, ಕಲ್ಲು ಕಳೆದು 45ರಿಂದ 50 ಲೀಟರ್ ನೀರು ಉಳಿಯುತ್ತದೆ. ಮುಂದೆ ಹೇಳುವ ಅಳತೆಗಳೆಲ್ಲ 50 ಲೀಟರಿಗೆ.

ಆಮೇಲೆ ಬೆಳಕು. ಮಳೆಗಾಲದಲ್ಲಿ ಮನೆಯೊಳಗೆ ಕತ್ತಲೆ ಎಂದು ಬೆಳಗಿನಿಂದ ಮಲಗುವವರೆಗೆ ಲೈಟು ಉರಿಸುವವರಿದ್ದಾರೆ. ದಿನಕ್ಕೆ 6 ಗಂಟೆ ಸಾಕು, ಗಿಡ ಚೆನ್ನಾಗಿ ಹಿಡಿದ ಮೇಲೆ 8ಕ್ಕೆ ಏರಿಸಬಹುದು. ಕಿಟಕಿಯ ಬಿಸಿಲು ಬೀಳುವ ಜಾಗ ಬೇಡ. ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವುದನ್ನೇ ಕೇಳಿ. ತಿರುಗಿಸುವ ಮಾದರಿಯದು ಕರೆಂಟು ಹೋದಾಗ ನಿಂತುಬಿಡುತ್ತದೆ, ನಮ್ಮೂರಿನ ಆಷಾಢದಲ್ಲಿ ವಾರದೊಳಗೆ ಅದರ ಹಗಲು ರಾತ್ರಿಯೇ ಅದಲುಬದಲಾಗುತ್ತದೆ. ಇನ್ನೊಂದು ಮಾತು: ಜಪಾನಿನ ತಕಾಶಿ ಅಮಾನೋ ರೂಪಿಸಿದ ಮಾದರಿಯ ತೊಟ್ಟಿಗಳನ್ನು ಮೊಬೈಲಿನಲ್ಲಿ ನೋಡಿ ಅಷ್ಟೇ ಪ್ರಖರವಾದ ಲೈಟು ತರಬೇಡಿ. ಅಂಥ ಕಡೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಅದಿಲ್ಲದ ತೊಟ್ಟಿಯಲ್ಲಿ ಹೆಚ್ಚಿನ ಬೆಳಕು ಪಾಚಿಗೇ ಹೋಗುತ್ತದೆ.

ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿಡಿ.

ಈಗ ಗೊಬ್ಬರ. ಯೂರಿಯಾ, ಡಿಎಪಿ, 19:19:19 ಯಾವುದೂ ಬೇಡ. ಇವು ನೀರಿನಲ್ಲಿ ಅಮೋನಿಯಾ ಕೊಡುತ್ತವೆ. ಅದು ಮೀನಿನ ಕಿವಿರು ಸುಡುತ್ತದೆ, ಪಾಚಿಯನ್ನು ಎಬ್ಬಿಸುತ್ತದೆ. ಅದೇ ಗೊಬ್ಬರದ ಅಂಗಡಿಯಲ್ಲಿ ನೀರಿನಲ್ಲಿ ಕರಗುವ 13:0:45 (ಪೊಟ್ಯಾಸಿಯಂ ನೈಟ್ರೇಟ್) ಮತ್ತು 0:52:34 (ಮೊನೊ ಪೊಟ್ಯಾಸಿಯಂ ಫಾಸ್ಫೇಟ್) ಸಿಗುತ್ತವೆ. ಅರ್ಧ ಲೀಟರ್ ನೀರಿಗೆ ಮೊದಲನೆಯದು 50 ಗ್ರಾಂ, ಎರಡನೆಯದು 5 ಗ್ರಾಂ ಹಾಕಿ ಕರಗಿಸಿ. ಈ ದ್ರಾವಣದ 10 ಮಿ.ಲೀ. ಹಾಕಿದರೆ ತೊಟ್ಟಿಯಲ್ಲಿ ನೈಟ್ರೇಟ್ ಲೀಟರಿಗೆ ಸುಮಾರು 12 ಮಿಲಿಗ್ರಾಂ, ಫಾಸ್ಫೇಟ್ 1.4 ಮಿಲಿಗ್ರಾಂ ಏರುತ್ತದೆ. ಸಿಲಿಂಡರ್ ಇಲ್ಲದ ತೊಟ್ಟಿಗೆ ನೀರು ಬದಲಿಸಿದ ದಿನ 5 ಮಿ.ಲೀ. ಸಾಕು. ಮೀನು ಹೆಚ್ಚಿದ್ದರೆ ಮೊದಲು ಪರೀಕ್ಷಾ ಪಟ್ಟಿಯಲ್ಲಿ ನೋಡಿ. ನೈಟ್ರೇಟ್ 20 ದಾಟಿದ್ದರೆ ಈ ದ್ರಾವಣ ಬೇಡವೇ ಬೇಡ. ಕಬ್ಬಿಣ ಮತ್ತು ಸೂಕ್ಷ್ಮ ಪೋಷಕಾಂಶಗಳನ್ನು ಬೇರೆ ಬಾಟಲಿಯಲ್ಲಿಟ್ಟು ಬೇರೆ ದಿನ ಹಾಕಿ. ಫಾಸ್ಫೇಟಿನ ಜೊತೆ ಸೇರಿದರೆ ಕಬ್ಬಿಣ ಗಸಿಯಾಗಿ ತಳಕ್ಕಿಳಿಯುತ್ತದೆ, ಗಿಡಕ್ಕೆ ದಕ್ಕುವುದಿಲ್ಲ.

ಅಬ್ಬಿ ನೀರು, ಬಾವಿ ನೀರು ನಮ್ಮಲ್ಲಿ ಸಾಮಾನ್ಯವಾಗಿ ಮೆದು. ಸುಣ್ಣ, ಮೆಗ್ನೀಷಿಯಂ ಕಡಿಮೆ. ತೊಳೆದ ಕಪ್ಪೆಚಿಪ್ಪು ಒಂದು ಹಿಡಿಯಷ್ಟನ್ನು ಬಟ್ಟೆಯ ಗಂಟಿನಲ್ಲಿ ಫಿಲ್ಟರಿನ ಬಳಿ ಇಡಿ, ನಿಧಾನವಾಗಿ ಕರಗುತ್ತದೆ. ಕೊರತೆ ಗುರುತಿಸಲು ತೋಟದವರಿಗೆ ಹೇಳಿಕೊಡಬೇಕಿಲ್ಲ: ಹಳೆ ಎಲೆ ಹಳದಿಯಾದರೆ ಸಾರಜನಕ, ಹಳೆ ಎಲೆಯಲ್ಲಿ ತೂತು ಬಿದ್ದರೆ ಪೊಟ್ಯಾಷ್, ಹೊಸ ಚಿಗುರು ಬಿಳಿಚಿದರೆ ಕಬ್ಬಿಣ.

ಮೈಲುತುತ್ತದ ವಿಚಾರವನ್ನು ಬಿಡಿಸಿಯೇ ಹೇಳಬೇಕು. ಅದು ಪಾಚಿ ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿ ಕಾಲು ಪಾಲು ತಾಮ್ರ. ಚಿಟಿಕೆ ಎಂದರೆ ಕಾಲು ಗ್ರಾಂ ಎಂದುಕೊಂಡರೂ 50 ಲೀಟರಿನಲ್ಲಿ ತಾಮ್ರ ಲೀಟರಿಗೆ 1 ಮಿಲಿಗ್ರಾಂ ದಾಟುತ್ತದೆ. ಮೆದು ನೀರಿನಲ್ಲಿ ಅದರ ಹತ್ತನೇ ಒಂದು ಪಾಲೇ ಸಣ್ಣ ಮೀನುಗಳ ಜೀವ ತೆಗೆಯಬಲ್ಲದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮೀನಿನ ಕಿವಿರಿಗೆ ತಕ್ಕಮಟ್ಟಿನ ರಕ್ಷಣೆ ಕೊಡುತ್ತದೆ. ಮಲೆನಾಡಿನ ನೀರಿನಲ್ಲಿ ಆ ರಕ್ಷಣೆ ಇಲ್ಲ. ಬಯಲುಸೀಮೆಯ ಗೆಳೆಯ ಹಾಕಿ ಬಚಾವಾದ ಎಂಬುದು ನಿಮಗೆ ಆಧಾರವಾಗದು. ಬೋರ್ಡೋ ದ್ರಾವಣದಲ್ಲಾದರೆ ಮೈಲುತುತ್ತದಷ್ಟೇ ಸುಣ್ಣ ಬೆರೆಸಿ ಅದರ ಉರಿ ಕಟ್ಟಿಹಾಕಿರುತ್ತೇವೆ. ತೊಟ್ಟಿಗೆ ಹಾಕಿದ್ದು ಹಸಿ ಮೈಲುತುತ್ತ. ಮೊದಲು ಬಸವನಹುಳು, ಸಿಗಡಿ ಸಾಯುತ್ತವೆ. ಸತ್ತ ಹುಳುವೂ ಪಾಚಿಯೂ ಕೊಳೆತು ಅಮೋನಿಯಾ ಏರುತ್ತದೆ, ಉಳಿದ ಮೀನುಗಳಿಗೆ ಅದು ಎರಡನೇ ಪೆಟ್ಟು. ತಾಮ್ರ ಮರಳಿನಲ್ಲಿ ಉಳಿದು ಮುಂದೆ ತಂದು ಬಿಟ್ಟ ಸಿಗಡಿಯನ್ನೂ ತೆಗೆಯುತ್ತದೆ. ಔಷಧಿ ಕಲಸಿದ ಬಕೆಟ್ಟು, ಮಗ್ಗು, ಪೈಪು ಎಷ್ಟು ತೊಳೆದರೂ ತೊಟ್ಟಿಯ ಕೆಲಸಕ್ಕೆ ಬೇಡ. ತೋಟದಲ್ಲಿ ಔಷಧಿ ಹೊಡೆಯುವ ದಿನ ಅಕ್ವೇರಿಯಂ ಮುಚ್ಚಿಡಿ. ಪಕ್ಕದ ತೆರೆದ ಬಾವಿಯ ನೀರನ್ನು ಆ ವಾರ ಬಳಸಬೇಡಿ.

ಹಾಗಾದರೆ ಬಂದ ಪಾಚಿಗೆ ಏನು? ಹೊಸ ತೊಟ್ಟಿಯ ಕಂದು ಪಾಚಿಯನ್ನು ಒರೆಸಿ ತಾಳಿಕೊಳ್ಳಿ, ಕೆಲವು ವಾರಗಳಲ್ಲಿ ಹೋಗುತ್ತದೆ. ನೂಲಿನಂಥದ್ದನ್ನು ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ತೆಗೆಯಿರಿ. ಕಲ್ಲಿಗಂಟಿದ ಕಪ್ಪು ಪಾಚಿಗೆ, ಫಿಲ್ಟರ್ ನಿಲ್ಲಿಸಿ, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 10 ಮಿ.ಲೀ. ಮೀರದಂತೆ ಸಿರಿಂಜಿನಲ್ಲಿ ಅದರ ಮೇಲೇ ಬಿಟ್ಟು, ಹತ್ತು ನಿಮಿಷದ ನಂತರ ಫಿಲ್ಟರ್ ಹಾಕಿ. ಔಷಧಿ ಅಂಗಡಿಯದು ಶೇ. 6 ಆಗಿದ್ದರೆ ಸಮಪಾಲು ನೀರು ಬೆರೆಸಿ.

ಪಾಚಿ ತಿನ್ನುತ್ತದೆ ಎಂದು ಮಾರುವ ಸಕರ್ ಮೀನು ತರಬೇಡಿ. ಒಂದಡಿ ಮೀರಿ ಬೆಳೆಯುತ್ತದೆ, ಬೆಳೆದಂತೆ ಪಾಚಿಯ ಗೋಜಿಗೇ ಹೋಗುವುದಿಲ್ಲ. ಸಾಕಲಾಗದ ಮೀನನ್ನು, ಕತ್ತರಿಸಿದ ಗಿಡವನ್ನು ತುಂಗೆಗಾಗಲಿ ಭದ್ರೆಯ ಹಿನ್ನೀರಿಗಾಗಲಿ ಬಿಡಬೇಡಿ. ಗಿಡ ಗೊಬ್ಬರದ ಗುಂಡಿಗೆ, ತೆಗೆದ ನೀರು ಹೂವಿನ ಗಿಡಕ್ಕೆ, ಮೀನು ತಂದ ಅಂಗಡಿಗೇ ವಾಪಸ್.