ಗಂಜಾಂ ದೇವಾಲಯ ಕಲಿಸುವ ಪಶ್ಚಾತ್ತಾಪ

ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯವರಿಗೆ ಶ್ರೀರಂಗಪಟ್ಟಣ ದೂರವೇನಲ್ಲ. ಅಲ್ಲಿನ ಗಂಜಾಂನಲ್ಲಿ ಅಬ್ಬೆ ದುಬಾಯ್ ಸ್ವಾಮಿಗಳ ಹೆಸರಿನಿಂದ ಕರೆಯುವ ಹಳೆಯ ದೇವಾಲಯವಿದೆ. ಪಶ್ಚಾತ್ತಾಪ ಅಂದರೇನು ಎಂದು ಕೇಳುವವರು ಅದರ ಹಿಂದಿನ ಸಂಗತಿ ತಿಳಿಯಬೇಕು.

1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. ದಾರಿಯಲ್ಲೇ ಅನೇಕರು ಸತ್ತರು. ಉಳಿದವರಲ್ಲಿ ಬಹಳ ಮಂದಿಯನ್ನು ಬಲವಂತದಿಂದ ಮತಾಂತರಿಸಲಾಯಿತು. ಬಿಡುಗಡೆ ಆದದ್ದು 1799ರ ಮೇ 4ರಂದು ಕೋಟೆ ಬಿದ್ದ ಮೇಲೆ. ಹದಿನೈದು ವರ್ಷ! ಮಡಿಲಲ್ಲಿ ಬಂದ ಕೂಸುಗಳು ಅಷ್ಟರಲ್ಲಿ ಮದುವೆ ವಯಸ್ಸಿಗೆ ಬಂದಿದ್ದವು.

ಆಮೇಲೆ ಇಲ್ಲಿಗೆ ಬಂದವರು ಫ್ರಾನ್ಸ್ ದೇಶದ ದುಬಾಯ್. ಈ ಸೀಮೆಯವರ ಹಾಗೆಯೇ ಉಟ್ಟು ಉಂಡು ಬದುಕಿದ ಅವರನ್ನು ಜನ ದೊಡ್ಡ ಸ್ವಾಮಿಯವರು ಅಂತಿದ್ದರು. ಸುಮಾರು ಎರಡು ಸಾವಿರ ಜನ ಧರ್ಮಸಭೆಗೆ ಮರಳಲು ತಮ್ಮ ಬಳಿ ಬಂದರೆಂದು ಅವರು ಬರೆದಿದ್ದಾರೆ. ಬದಲಾದದ್ದು ಹೊರಗೆ ಮಾತ್ರ, ಒಳಗೆ ವಿಶ್ವಾಸ ಹಾಗೇ ಇತ್ತು ಎಂಬುದು ಬಂದವರ ಮಾತು.

ಇದು ನೆಪವೋ, ಸತ್ಯವೋ? ಕತ್ತಿಯ ಕೆಳಗೆ ನಿಲ್ಲದವರು ಆ ತೀರ್ಪು ಕೊಡುವುದು ಬೇಡ. ಒಂದಂತೂ ಗಮನಿಸಿ: ಒಳಗೆ ಸರಿಯಾಗಿದ್ದೇವೆ ಅಂದುಕೊಂಡು ಅವರು ಮನೆಯಲ್ಲೇ ಕೂರಬಹುದಿತ್ತು. ಕೂರಲಿಲ್ಲ, ಗುರುಗಳ ಮುಂದೆ ಬಂದು ನಿಂತರು. ಯೇಸುಸ್ವಾಮಿಯನ್ನು ಮೂರು ಸಲ ಅಲ್ಲಗಳೆದ ಪೇತ್ರನೂ ಹೆದರಿಕೆಯಿಂದಲೇ ಹಾಗೆ ಅಂದದ್ದು, ಒಳಗೆ ಪ್ರೀತಿ ಇದ್ದೇ ಇತ್ತು. ಆದರೂ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ. ಬದು ಒತ್ತಿದವರು, ಅಣ್ಣತಮ್ಮಂದಿರೊಡನೆ ಮಾತು ಬಿಟ್ಟವರು "ಮನಸ್ಸಲ್ಲೇ ದೇವರಿಗೆ ಹೇಳಿದ್ದೀನಿ ಬಿಡಿ" ಅಂತಾರಲ್ಲ, ಅವರು ಇದನ್ನು ಯೋಚಿಸಲಿ.

ದುಬಾಯ್ ಸ್ವಾಮಿಗಳು ಬಹು ನಿಷ್ಠುರಿ. ಸೆರೆಯವರಲ್ಲಿ ಎದ್ದುನಿಂತು ವಿಶ್ವಾಸ ಸಾರಿದವರು ಒಬ್ಬರೂ ಇರಲಿಲ್ಲ ಎಂದು ಬರೆದರು. ಈ ಮಾತು ಕಠಿಣವಾಯಿತು ಅನ್ನಿಸುತ್ತದೆ. ಆದರೆ ಅದೇ ತಕ್ಕಡಿಯಲ್ಲಿ ತಮ್ಮನ್ನೂ ತೂಗಿಕೊಂಡರು. 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಇಪ್ಪತ್ತೈದು ವರ್ಷ ದುಡಿದು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ, ಅವರಲ್ಲೂ ಹಲವರು ಬಂದದ್ದು ಲಾಭ ನೋಡಿ ಎಂದು ಮುಚ್ಚಿಡದೆ ಒಪ್ಪಿಕೊಂಡರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದವರು, ದೇವಾಲಯ ಕಟ್ಟಿಸಿದವರು. ಬೇಕಿದ್ದರೆ ಅದನ್ನೇ ಹೇಳಿಕೊಳ್ಳಬಹುದಿತ್ತು.

ಅದೇ 1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.