ಎಲ್ಲಿ ಹೆಚ್ಚು ಹೊತ್ತು ಕೇಳುತ್ತೀರೋ ಅಲ್ಲಿಗೆ ಹೆಡ್‌ಫೋನ್ ಕೊಳ್ಳಿ

ಸಂಬಳ ಬಂದ ವಾರ, ಆನ್‌ಲೈನ್ ಅಂಗಡಿಯಲ್ಲಿ ರಿಯಾಯಿತಿ, ಕೈಯಲ್ಲಿ ಐದು ಸಾವಿರ ರೂಪಾಯಿ. ಇಷ್ಟು ಕೂಡಿಬಂದರೆ ನಿಮ್ಮ ಬೆರಳು ಸುಮ್ಮನಿರುವುದಿಲ್ಲ. ಬಸ್ಸಿಗೂ ಆಗಬೇಕು, ರಾತ್ರಿ ಮನೆಯಲ್ಲಿ ಸಂಗೀತ ಕೇಳುವುದಕ್ಕೂ ಆಗಬೇಕು, ಮೀಟಿಂಗಿಗೂ ಒದಗಬೇಕು, ಓಡುವಾಗ ಬೀಳಲೂಬಾರದು ಎಂದುಕೊಂಡು ಯಾವುದೋ ಒಂದನ್ನು ಆರ್ಡರ್ ಮಾಡಿಬಿಡುತ್ತೀರಿ. ತಿಂಗಳು ಕಳೆಯುವಷ್ಟರಲ್ಲಿ ಅದು ಮೇಜಿನ ಡ್ರಾಯರ್ ಸೇರಿರುತ್ತದೆ, ಇನ್ನೊಂದರ ಹುಡುಕಾಟ ಶುರುವಾಗಿರುತ್ತದೆ. ಹೆಡ್‌ಫೋನನ್ನು ಬೈಯಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯಾವುದಕ್ಕೆ ಬೇಕು ಎಂದು ಕೇಳಿಕೊಳ್ಳದೆ ಕೊಂಡವರು ನೀವೇ ತಾನೆ?

ಆದ್ದರಿಂದ ಕೊಳ್ಳುವ ಮೊದಲು ಒಂದು ವಾರ ಲೆಕ್ಕ ಬರೆದಿಡಿ. ಬಸ್ಸು, ಮೆಟ್ರೋದಲ್ಲಿ ಎಷ್ಟು ಗಂಟೆ ಕೇಳಿದಿರಿ? ಕೆಲಸದ ಮೇಜಿನ ಮುಂದೆ ಎಷ್ಟು? ಮನೆಯಲ್ಲಿ ಕುರ್ಚಿಗೆ ಒರಗಿ, ಬೇರೆ ಕೆಲಸ ಬಿಟ್ಟು ಕೇಳಿದ್ದು ಎಷ್ಟು? ಹೆಚ್ಚಿನವರ ಲೆಕ್ಕದಲ್ಲಿ ಒಂದು ಕಡೆ ಎದ್ದು ಕಾಣುವಷ್ಟು ಹೆಚ್ಚಿರುತ್ತದೆ. ಹಣ ಅಲ್ಲಿಗೆ ಹೋಗಲಿ. ಇರುವ ಐದು ಸಾವಿರವನ್ನು ಸಮನಾಗಿ ಸೀಳಿ, ದಾರಿಗೊಂದು ಸುಮಾರಾದದ್ದು, ಮನೆಗೊಂದು ಸುಮಾರಾದದ್ದು ತರಬೇಡಿ. ಎರಡು ದೋಣಿಯ ಮೇಲೆ ಕಾಲಿಟ್ಟವರು ಯಾವ ದಡವನ್ನೂ ಸೇರುವುದಿಲ್ಲ.

ಮೊದಲು ದಾರಿಯ ವಿಷಯ. ಬಸ್ಸಿನಲ್ಲಿ ನಿಮ್ಮ ಸಂಗೀತಕ್ಕೆ ಎದುರಾಳಿ ಎಂಜಿನ್ನಿನ ಗುಂಯ್‌ಗಾಟ. ಅದನ್ನು ತಡೆಯದ ಹೆಡ್‌ಫೋನ್ ಎಷ್ಟೇ ಇಂಪಾಗಿರಲಿ, ನೀವು ವಾಲ್ಯೂಮ್ ಏರಿಸುತ್ತಲೇ ಹೋಗುತ್ತೀರಿ. ಹಾಗಾಗಿ ದಾರಿಯಲ್ಲಿ ಮೊದಲ ಗುಣ ಹೊರಗಿನ ಸದ್ದು ತಡೆಯುವುದು, ಇಂಪು ಎರಡನೆಯದು. ಕಿವಿಯೊಳಗೆ ಕೂರುವ, ರಬ್ಬರ್ ತುದಿಯ ವೈರ್ ಇಯರ್‌ಫೋನ್ ಈ ಕೆಲಸವನ್ನು ಬ್ಯಾಟರಿಯಿಲ್ಲದೆ ಮಾಡುತ್ತದೆ. ಎರಡು ಸಾವಿರದ ಆಸುಪಾಸಿನಲ್ಲೇ ಇಂದು ಒಳ್ಳೆಯವು ಸಿಗುತ್ತವೆ. ಕಾಸ್ ಕಂಪನಿಯ ಪೋರ್ಟಾ ಪ್ರೋ ಎಂಬುದು 1984ರಿಂದ ಮಾರಾಟದಲ್ಲಿದೆ, ಹಗುರ, ಮಡಚಬಹುದು, ಇಷ್ಟಪಡುವವರೂ ಬಹಳ. ಆದರೆ ಅದರ ಸ್ಪಂಜು ಕಿವಿಯ ಮೇಲೆ ಸುಮ್ಮನೆ ಕೂರುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಹೆಸರಿನಲ್ಲಿ ಪೋರ್ಟಾ ಇದೆಯೆಂದು ಬಸ್ಸಿಗೆ ಒಯ್ಯಬೇಡಿ.

ಇಯರ್‌ಫೋನ್ ತಂದವರಲ್ಲಿ ಹೆಚ್ಚಿನವರು ಡಬ್ಬಿಯಲ್ಲಿರುವ ಮೂರು ಅಳತೆಯ ರಬ್ಬರ್ ತುದಿಗಳನ್ನು ಮುಟ್ಟಿಯೂ ನೋಡುವುದಿಲ್ಲ. ಮೊದಲೇ ಸಿಕ್ಕಿಸಿ ಬಂದದ್ದನ್ನೇ ಕಿವಿಗೆ ತುರುಕಿ, "ಬೇಸ್ ಇಲ್ಲ, ದುಡ್ಡು ದಂಡ" ಎಂದು ಗೊಣಗುತ್ತಾರೆ. ಹಾಗೆ ಮಾಡಬೇಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲಂಚನ್ನು ಮೆಲ್ಲಗೆ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಬಲಗೈಯಿಂದ ಇಯರ್‌ಫೋನನ್ನು ಒಳಗಿಟ್ಟು ತುಸು ತಿರುಗಿಸಿ, ಕಿವಿ ಬಿಡಿ. ಸರಿಯಾಗಿ ಕೂತರೆ ಫ್ಯಾನಿನ ಸದ್ದು ತಟ್ಟನೆ ದೂರ ಹೋಗುತ್ತದೆ, ಮೃದಂಗದ ಎಡಭಾಗದ ಗುಮಕಿ ತುಂಬಿ ಬರುತ್ತದೆ. ಬರದಿದ್ದರೆ ಒಂದು ಅಳತೆ ದೊಡ್ಡದು ಹಾಕಿ ನೋಡಿ. ಒಂದು ಕಿವಿಗೆ ಮಧ್ಯಮ, ಇನ್ನೊಂದಕ್ಕೆ ದೊಡ್ಡದು ಬೇಕಾದರೂ ಗಾಬರಿ ಬೇಡ, ಎರಡು ಕಿವಿ ಒಂದೇ ಅಳತೆಯವಾಗಿರಬೇಕೆಂಬ ನಿಯಮವಿಲ್ಲ.

ನಾಯ್ಸ್ ಕ್ಯಾನ್ಸಲಿಂಗ್ ಬೇಕೇ ಎಂದು ಕೇಳುತ್ತೀರಿ. ಬೋಸ್ ಕಂಪನಿಯನ್ನು ಕಟ್ಟಿದ ಅಮರ್ ಬೋಸ್ ಅವರಿಗೆ ಈ ಯೋಚನೆ ಹೊಳೆದದ್ದು 1978ರಲ್ಲಿ, ವಿಮಾನದಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಾಗ ಎಂಜಿನ್ನಿನ ಸದ್ದು ಸಂಗೀತವನ್ನು ನುಂಗಿದ್ದರಿಂದ. ಇಂದಿಗೂ ಅದರ ಬಲ ಅಲ್ಲೇ ಇದೆ: ಒಂದೇ ಸಮನೆ ಬರುವ ತಗ್ಗು ಸದ್ದನ್ನು ಚೆನ್ನಾಗಿ ಅಳಿಸುತ್ತದೆ, ಪಕ್ಕದವರ ಹರಟೆಯನ್ನು ಅಷ್ಟಾಗಿ ಅಲ್ಲ. ದಿನವೂ ದೂರದ ಬಸ್ಸು, ರೈಲು ಇದ್ದರೆ ಕೊಳ್ಳಿ. ತೀರಾ ಅಗ್ಗದ್ದರ ಮೇಲೆ ಅಚ್ಚಾಗಿರುವ ಆ ಎರಡು ಪದಗಳನ್ನು ನಂಬಿ ಮಾತ್ರ ಕೊಳ್ಳಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ವೈರ್‌ಲೆಸ್ ಅನುಕೂಲ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಆ ಪುಟ್ಟ ಬಡ್ಸ್ ಒಳಗಿರುವ ಪುಟ್ಟ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಬದಲಿಸುವ ದಾರಿ ಹೆಚ್ಚಿನವುಗಳಲ್ಲಿ ಇಲ್ಲ. ಒಂದು ಬಡ್ ಕಳೆದರೆ ಜೋಡಿಯೇ ಹಾಳು. ವೈರಿನದಾದರೆ, ಕೇಬಲ್ ಬಿಚ್ಚಿ ಹಾಕುವಂಥದ್ದನ್ನೇ ಕೇಳಿ ತನ್ನಿ. ವೈರಿನ ಇಯರ್‌ಫೋನ್‌ಗಳು ಸಾಮಾನ್ಯವಾಗಿ ಕೆಡುವುದು ಪಿನ್ನಿನ ಬಳಿ ವೈರ್ ಮುರಿದು. ಕೇಬಲ್ ಬಿಚ್ಚುವಂತಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಹೊಸ ಜೀವ ಬರುತ್ತದೆ. ಕೈ ಬಿಗಿ ಇದ್ದಾಗ ವೈರೇ ಲೇಸು.

ನಿಮ್ಮ ಫೋನಿನಲ್ಲಿ ಹೆಡ್‌ಫೋನ್ ತೂತೇ ಇಲ್ಲದಿರಬಹುದು. 2016ರಲ್ಲಿ ಐಫೋನ್ 7 ಅದನ್ನು ಕೈಬಿಟ್ಟಿತು, ಉಳಿದವರು ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಆಗ ಟೈಪ್-ಸಿ ಡಾಂಗಲ್ ಬೇಕು. ಅಂಗಡಿಯಲ್ಲಿ ಸಿಗುವ ತೀರಾ ಅಗ್ಗದ ಕೆಲವು ಬರೀ ವೈರಿನ ತುಂಡುಗಳು. ಒಂದು ಫೋನಿಗೆ ಹಾಕಿದರೆ ಹಾಡುತ್ತವೆ, ಇನ್ನೊಂದಕ್ಕೆ ಮೂಕ. ಒಳಗೆ ಡ್ಯಾಕ್ ಚಿಪ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಡ್ಯಾಕ್ ಅಂದರೆ ಫೋನಿನ ಅಂಕಿಗಳನ್ನು ಹೆಡ್‌ಫೋನಿಗೆ ಬೇಕಾದ ವಿದ್ಯುತ್ತಾಗಿಸುವ ಭಾಗ, ಅಷ್ಟೇ. ಇದಕ್ಕೆ ಸಾವಿರದ ಆಸುಪಾಸು ಖರ್ಚು ಮಾಡಿದರೆ ಧಾರಾಳ.

ಇನ್ನು ಮನೆ. ಇಲ್ಲಿ ಮೊದಲು ತೀರ್ಮಾನಿಸಬೇಕಾದ್ದು ಓಪನ್ ಬ್ಯಾಕೋ ಕ್ಲೋಸ್ಡ್ ಬ್ಯಾಕೋ ಎಂಬುದು. ಓಪನ್ ಬ್ಯಾಕ್‌ನ ಬೆನ್ನಿನಲ್ಲಿ ಜಾಲರಿಯಿರುತ್ತದೆ. ಸದ್ದು ಹೊರಗೂ ಹರಿಯುವುದರಿಂದ ಹಾಡು ತಲೆಯೊಳಗೆ ಒತ್ತಿದಂತಾಗದೆ ಬಿಡಿಬಿಡಿಯಾಗಿ, ವಿಶಾಲವಾಗಿ ಕೇಳುತ್ತದೆ. ಸೆನ್‌ಹೈಸರ್ 1968ರಲ್ಲಿ ಎಚ್‌ಡಿ 414 ತಂದಾಗಿನಿಂದ ಮನೆಯಲ್ಲಿ ಕೂತು ಕೇಳುವವರಿಗೆ ಈ ಜಾತಿಯ ಮೇಲೆ ಮೋಹ. ಆದರೆ ನಿಮ್ಮ ಮನೆಯನ್ನು ಒಮ್ಮೆ ನೋಡಿಕೊಳ್ಳಿ. ಒಂದೇ ಹಾಲ್, ಪಕ್ಕದಲ್ಲೇ ಅಡುಗೆಮನೆ, ಮಿಕ್ಸಿ, ಕುಕ್ಕರಿನ ಸೀಟಿ, ಟಿವಿಯಲ್ಲಿ ಧಾರಾವಾಹಿ. ಜಾಲರಿಯಿಂದ ಹಾಡು ಹೊರಗೆ ಹೋದ ಹಾಗೆಯೇ ಇವೆಲ್ಲ ಒಳಗೆ ಬರುತ್ತವೆ. ಮಂಚದಲ್ಲಿ ಪಕ್ಕ ಮಲಗಿದವರಿಗೂ ನಿಮ್ಮ ಸಂಗೀತ ಬೇಡವೆಂದರೂ ಸಿಗುತ್ತದೆ. ಬಾಗಿಲು ಹಾಕಿಕೊಳ್ಳುವ ಕೋಣೆ, ಎಲ್ಲರೂ ಮಲಗಿದ ಮೇಲಿನ ಹೊತ್ತು ನಿಮ್ಮದಾಗಿದ್ದರೆ ಓಪನ್ ಬ್ಯಾಕ್ ತನ್ನಿ. ಇಲ್ಲವಾದರೆ ಕ್ಲೋಸ್ಡ್ ಬ್ಯಾಕ್ ತಂದು ಸುಖವಾಗಿರಿ.

ಎರಡನೆಯದು ಓಮ್, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಹೆಡ್‌ಫೋನಿನ ಡಬ್ಬಿಯ ಮೇಲಿರುವ ಈ ಅಂಕಿಯನ್ನು ಓದದೆ ಕೊಳ್ಳುವವರನ್ನು ಕಂಡರೆ ನನಗೆ ಕೋಪವೇ ಬರುತ್ತದೆ. 16ರಿಂದ 32 ಓಮ್ ಆಸುಪಾಸಿನವು ಸಾಮಾನ್ಯವಾಗಿ ಫೋನಿನಲ್ಲೇ ಆರಾಮಾಗಿ ನಡೆಯುತ್ತವೆ. ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ, ಇಂದಿಗೂ ಹೆಸರು ಕೆಟ್ಟಿಲ್ಲ, ಆದರೆ ಅದು 300 ಓಮ್. ಫೋನಿಗೆ ಸಿಕ್ಕಿಸಿದರೆ ಸಪ್ಪೆ ಸಾರು. ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೋ ಒಂದೇ ಹೆಸರಿನಲ್ಲಿ 32, 80, 250 ಓಮ್ ಎಂದು ಬೇರೆ ಬೇರೆಯಾಗಿ ಸಿಗುತ್ತದೆ. ನೋಡುವುದಕ್ಕೆ ಅಣ್ಣತಮ್ಮಂದಿರು, ಹೊಟ್ಟೆ ಬೇರೆ ಬೇರೆ. ನೂರು ರೂಪಾಯಿ ಕಡಿಮೆಯೆಂದು 250ರದನ್ನು ಒತ್ತಿ, ಆಮೇಲೆ "ಸದ್ದೇ ಬರುವುದಿಲ್ಲ" ಎಂದು ತಲೆ ಮೇಲೆ ಕೈ ಇಟ್ಟುಕೊಳ್ಳಬೇಡಿ. ಓಮ್ ಜೊತೆಗೆ ಸೆನ್ಸಿಟಿವಿಟಿಯನ್ನೂ ನೋಡಿ. ಒಬ್ಬರು ಒಂದು ಮಿಲಿವಾಟಿಗೆ ಎಷ್ಟು ಡೆಸಿಬೆಲ್ ಎಂದು ಬರೆದಿರುತ್ತಾರೆ, ಇನ್ನೊಬ್ಬರು ಒಂದು ವೋಲ್ಟಿಗೆ ಎಷ್ಟು ಎಂದು. ಅವೆರಡನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಆಂಪ್, ಅಂದರೆ ಹೆಡ್‌ಫೋನಿಗೆ ಹೆಚ್ಚಿನ ಬಲ ಕೊಡುವ ಆಂಪ್ಲಿಫೈಯರ್, ಅದರ ಮಾತು ಈಗ ಬಂತು. ಇನ್ನೂ ಹೆಡ್‌ಫೋನೇ ಆರಿಸಿಲ್ಲ, ಆಗಲೇ ಆಂಪ್ ಯಾವುದು, ಬೆಳ್ಳಿ ಕೇಬಲ್ ಯಾವುದು ಎಂದು ಕೇಳುವವರಿದ್ದಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ. ಹೆಡ್‌ಫೋನಿಗಿಂತ ಆಂಪ್ ದುಬಾರಿಯಾದರೆ ಮೂಗಿಗಿಂತ ಮೂಗುತಿ ಭಾರ. ಕೇಳುವ ಇಂಪಿನಲ್ಲಿ ದೊಡ್ಡ ವ್ಯತ್ಯಾಸ ತರುವುದು ಹೆಡ್‌ಫೋನೇ. ಹಣದ ಬಹುಪಾಲು ಅದಕ್ಕಿರಲಿ. ಫೋನಿನ ವಾಲ್ಯೂಮ್ ಕೊನೆ ಮುಟ್ಟಿದರೂ ಮೆಲ್ಲಗೆ ಕೇಳುತ್ತಿದ್ದರೆ ಮಾತ್ರ ಆಂಪ್ ಯೋಚಿಸಿ. ಕೈ ಬಿಗಿ ಇರುವವರು ಆಂಪ್ ಬೇಡದ ಹೆಡ್‌ಫೋನನ್ನೇ ಆರಿಸಿಕೊಂಡರೆ ಆ ತಲೆನೋವೇ ಇಲ್ಲ.

ಲ್ಯಾಪ್‌ಟಾಪಿಗೆ ಹಾಕಿ ಕೇಳುವಾಗ ಸಣ್ಣಗೆ ಜುಂಯ್ ಅನ್ನುತ್ತದೆಯೇ? ಹೆಡ್‌ಫೋನನ್ನು ವಾಪಸು ಕಳಿಸುವ ಮೊದಲು ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ದೋಷ ಚಾರ್ಜರಿನ ಕಡೆಯದು, ಇಲ್ಲವೇ ಗೋಡೆಯ ಅರ್ತಿಂಗಿನದು. ಎಲೆಕ್ಟ್ರಿಷಿಯನ್‌ಗೆ ಹೇಳಿ ಸರಿ ಮಾಡಿಸಿ, ಸಂಗೀತಕ್ಕೂ ಒಳ್ಳೆಯದು, ಮನೆಗೂ ಒಳ್ಳೆಯದು.

ದಾರಿ, ಮನೆ ಎರಡೂ ನಿಜವಾಗಿ ಸಮಸಮ ಇರುವವರಿಗೆ ಒಂದು ಮಧ್ಯದ ದಾರಿ ಇದೆ. ಕಿವಿಯನ್ನು ಪೂರ್ತಿ ಮುಚ್ಚುವ ಕ್ಲೋಸ್ಡ್ ಬ್ಯಾಕ್, ಓಮ್ ಕಡಿಮೆ, ಮಡಚುವಂಥದ್ದು, ಕೇಬಲ್ ಬಿಚ್ಚುವಂಥದ್ದು. ಆಡಿಯೋ-ಟೆಕ್ನಿಕಾದ ಎಂ50ಎಕ್ಸ್ ಅಂಥದ್ದು: 38 ಓಮ್, ಕೇಬಲ್ ಬದಲಿಸಬಹುದು. ಸ್ಟುಡಿಯೋಗಳಲ್ಲಿ 1991ರಿಂದ ಹೆಸರಾದ ಸೋನಿಯ ಎಂಡಿಆರ್-7506 ಕೂಡ ಕ್ಲೋಸ್ಡೇ, ಆದರೆ ಅದರ ಸುರುಳಿ ಕೇಬಲ್ ಎಳೆದರೆ ಮೂರು ಮೀಟರಿನಷ್ಟು ಉದ್ದ, ಬಿಚ್ಚಲೂ ಬರುವುದಿಲ್ಲ. ಅದನ್ನು ಹೊತ್ತು ಮೆಟ್ರೋ ಹತ್ತಿದರೆ ಕೈಚೀಲದಲ್ಲಿ ಹಗ್ಗ ಇಟ್ಟುಕೊಂಡ ಹಾಗೆ. ಇವುಗಳ ಬೆಲೆ ಐದು ಸಾವಿರ ಮೀರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಅದೇ ಗುಣಗಳನ್ನು ಅಗ್ಗದ ಮಾದರಿಗಳಲ್ಲಿ ಹುಡುಕಿ, ಇಲ್ಲವೇ ಇನ್ನೆರಡು ತಿಂಗಳು ಕೂಡಿಡಿ.

ಅಂಗಡಿಯಲ್ಲಿ ಹಾಕಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಅಂಗಡಿಯವರು ಹಾಕುವ ಧಡಬಡ ಹಾಡು ಬೇಡ, ನಿಮಗೆ ಬಾಯಿಪಾಠವಾಗಿರುವುದನ್ನು ಹಾಕಿ. ಭೀಮಸೇನ ಜೋಶಿಯವರ ಒಂದು ಖಯಾಲ್ ಇರಲಿ, ಸಿ. ಅಶ್ವತ್ಥರ ಒಂದು ಭಾವಗೀತೆ ಇರಲಿ. ತಂಬೂರ ಹಿಂದೆ ಸಣ್ಣಗೆ, ಬಿಡದೆ ಕೇಳುತ್ತದೆಯೇ? ಹಾಡುಗಾರರು ಉಸಿರು ಎಳೆದುಕೊಳ್ಳುವುದು ತಿಳಿಯುತ್ತದೆಯೇ? ತಬಲಾ ಮಾತು ಮಾತಾಗಿ ಬರುತ್ತದೆಯೋ, ಬರೀ ಧಂ ಧಂ ಅನ್ನುತ್ತದೆಯೋ? ಐದು ನಿಮಿಷಕ್ಕೆ ತೆಗೆಯಬೇಡಿ, ಕಾಲು ಗಂಟೆಯಾದರೂ ತಲೆಯ ಮೇಲಿರಲಿ. ನೆತ್ತಿ ಒತ್ತುವುದು, ಕಿವಿ ಬೆವರುವುದು ಆಗಲೇ ತಿಳಿಯುತ್ತದೆ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಿ; ಅದರ ಕಡ್ಡಿ ಮೆತ್ತೆಯ ಕೆಳಗೆ ಸಂದು ಬಿಟ್ಟರೆ ಬೇಸ್ ಸೋರುತ್ತದೆ. ಓಲೆ, ಜುಮುಕಿ ಹಾಕುವವರೂ ಹಾಗೆಯೇ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ದೊಡ್ಡ ಹೆಸರಿನ ಹೆಡ್‌ಫೋನ್ ಕಾಲು ಬೆಲೆಗೆ ಸಿಕ್ಕಿತೆಂದು ಹಿಗ್ಗಬೇಡಿ. ಬಿಲ್ಲು, ವಾರಂಟಿ ಇಲ್ಲದಿದ್ದರೆ ಕೈ ಮುಗಿದು ಮುಂದೆ ಹೋಗಿ.

ತಂದ ಮೇಲೆ ಜೋಪಾನ ಮಾಡುವುದೂ ಬಜೆಟ್ಟಿನ ಭಾಗವೇ. ಕೇಬಲ್ಲನ್ನು ಫೋನಿಗೆ ಬಿಗಿಯಾಗಿ ಸುತ್ತಬೇಡಿ, ಸಡಿಲ ಸುರುಳಿ ಮಾಡಿ. ಕೀಳುವಾಗ ವೈರ್ ಹಿಡಿದು ಎಳೆಯಬೇಡಿ, ಪಿನ್ ಹಿಡಿಯಿರಿ. ಬೆವರಿದ ಮೆತ್ತೆಯನ್ನು ಒಣಬಟ್ಟೆಯಿಂದ ಒರೆಸಿ ಗಾಳಿಗಿಡಿ. ಕರಾವಳಿಯವರು ಮಳೆಗಾಲದಲ್ಲಿ ಇದನ್ನು ಮರೆತರೆ ರೆಕ್ಸಿನ್ ಸಿಪ್ಪೆ ಏಳುತ್ತದೆ. ನಿಮ್ಮ ಇಯರ್‌ಫೋನನ್ನು ಇನ್ನೊಬ್ಬರ ಕಿವಿಗೆ ಕೊಡಬೇಡಿ. ಸ್ಕೂಟರಿನ ಮೇಲೆ, ರಸ್ತೆ ದಾಟುವಾಗ, ರೈಲು ಹಳಿಯ ಹತ್ತಿರ ಕಿವಿ ಬರಿದಾಗಿರಲಿ. ಈ ವಿಷಯದಲ್ಲಿ ನಾನು ಚರ್ಚೆಗೆ ಬರುವುದಿಲ್ಲ.

ಕೊನೆಯದಾಗಿ, ಬದಲಿಸಲು ಬರದ ಒಂದೇ ಭಾಗದ ಮಾತು. ದೊಡ್ಡವರಿಗೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳುವುದು ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 90ಕ್ಕೆ ಏರಿಸಿದರೆ ಆ 40 ಗಂಟೆ ನಾಲ್ಕಕ್ಕೆ ಇಳಿಯುತ್ತದೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬೆಲ್. ಈಗಿನ ಹಲವು ಫೋನ್‌ಗಳಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೌಲಭ್ಯ ಇದೆ, ಇವತ್ತೇ ಹಾಕಿ. ಹಾಡು ನಿಲ್ಲಿಸಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಹೊಸ ಹೆಡ್‌ಫೋನ್ ಹುಡುಕಬೇಡಿ, ಕಿವಿ ತೋರಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ, ನಿಮ್ಮೂರಿನಲ್ಲೂ ಕಿವಿಯ ವೈದ್ಯರು ಇದ್ದೇ ಇರುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂದರೆ ಇಲ್ಲಿ ಉಪಯೋಗವಿಲ್ಲ, ದೊಡ್ಡ ಸದ್ದಿಗೆ ಹೋದ ಶ್ರವಣ ಮರಳುವುದಿಲ್ಲ.

ಹಾಗಾದರೆ ಈ ತಿಂಗಳು ಮಾಡಬೇಕಾದ್ದು ಇಷ್ಟು. ಲೆಕ್ಕದಲ್ಲಿ ದಾರಿ ಗೆದ್ದರೆ ಕೇಬಲ್ ಬಿಚ್ಚುವ ವೈರ್ ಇಯರ್‌ಫೋನ್, ಬೇಕಾದರೆ ಒಂದು ಡಾಂಗಲ್, ಉಳಿದ ಹಣ ಬ್ಯಾಂಕಿನಲ್ಲೇ ಇರಲಿ. ಮನೆ ಗೆದ್ದರೆ ಆಂಪ್ ಬೇಡದ, ನಿಮ್ಮ ಕೋಣೆಗೆ ಒಪ್ಪುವ ಒಂದು ಹೆಡ್‌ಫೋನ್. ಅದನ್ನು ಒಂದು ವರ್ಷ ಮನಸಿಟ್ಟು ಕೇಳಿ. ಅದರಲ್ಲಿ ಏನು ಸಾಲದು ಎಂದು ನಿಮ್ಮ ಬಾಯಲ್ಲೇ ಹೇಳಲು ಬಂದಾಗ ಎರಡನೆಯದನ್ನು ಕೊಳ್ಳಿ, ಅದಕ್ಕೆ ಮೊದಲು ಬೇಡ.